ಐದು ನಿಮಿಷದ ಶಿಕ್ಷೆ, ಆಯುಷ್ಯದ ಬೆಲೆ

2025ರ ಫೆಬ್ರವರಿ 15ರ ರಾತ್ರಿ ಮಾಂಟ್ರಿಯಲ್ ನಗರದ ಬೆಲ್ ಸೆಂಟರ್ ಕ್ರೀಡಾಂಗಣದಲ್ಲಿ ಕೆನಡಾ ಮತ್ತು ಅಮೆರಿಕಾದ ಐಸ್ ಹಾಕಿ ತಂಡಗಳು ಎದುರುಬದುರಾದವು. ಗಡಿಯಾರದಲ್ಲಿ ಆಟದ ಒಂಬತ್ತು ಸೆಕೆಂಡುಗಳು ಕಳೆಯುವಷ್ಟರಲ್ಲಿ ಮೂರು ಮುಷ್ಟಿಕಾಳಗಗಳು ಮುಗಿದಿದ್ದವು. ಅಮೆರಿಕಾದ ಮ್ಯಾಥ್ಯೂ ಕಚಕ್ ಕೆನಡಾದ ಬ್ರಾಂಡನ್ ಹೇಗಲ್ ಮೇಲೆ, ತಮ್ಮ ಬ್ರೇಡಿ ಕಚಕ್ ಸ್ಯಾಮ್ ಬೆನೆಟ್ ಮೇಲೆ, ಜೆ.ಟಿ. ಮಿಲ್ಲರ್ ಕೋಲ್ಟನ್ ಪರೇಕೊ ಮೇಲೆ ಕೈಗವಸು ಕಳಚಿ ಎರಗಿದರು. ಸುಂಕದ ಬೆದರಿಕೆ ಮತ್ತು ಕೆನಡಾವನ್ನು 51ನೆಯ ರಾಜ್ಯವಾಗಿಸುವ ಮಾತುಗಳಿಂದ ಎರಡು ದೇಶಗಳ ನಡುವೆ ಮನಸ್ಸು ಮುರಿದಿದ್ದ ಕಾಲವದು. ಅಮೆರಿಕಾದ ರಾಷ್ಟ್ರಗೀತೆಗೆ ಪ್ರೇಕ್ಷಕರು ಧಿಕ್ಕಾರ ಕೂಗಿದ ಗಳಿಗೆ ಅದು. ಈ ಹೊಡೆದಾಟ ಆಟದ ಕಾವಿನಲ್ಲಿ ಹುಟ್ಟಿದ್ದಲ್ಲ, ಮುಂಚಿತವಾಗಿಯೇ ಸಂದೇಶಗಳಲ್ಲಿ ಮಾತಾಡಿಕೊಂಡದ್ದು ಎಂಬುದು ಆಟಗಾರರ ಬಾಯಿಂದಲೇ ನಂತರ ಹೊರಬಿತ್ತು. ದೂರದರ್ಶನ ವಾಹಿನಿಗಳಿಗೆ ಮಾತ್ರ ಅದು ಹಬ್ಬವಾಯಿತು. ಆ ಒಂಬತ್ತು ಸೆಕೆಂಡುಗಳನ್ನು ಅವು ಮತ್ತೆ ಮತ್ತೆ ತೋರಿಸಿದವು.

ಐದು ದಿನಗಳ ನಂತರ ಅದೇ ಎರಡು ತಂಡಗಳು ಬಾಸ್ಟನ್‌ನಲ್ಲಿ ಅಂತಿಮ ಪಂದ್ಯವಾಡಿದವು. ಅಲ್ಲಿ ಯಾರೂ ಕೈಗವಸು ಕಳಚಲಿಲ್ಲ. ಪಂದ್ಯ ಸಮನಾಗಿ ಹೆಚ್ಚುವರಿ ಅವಧಿಗೆ ಸಾಗಿತು. ಕಾನರ್ ಮೆಕ್‌ಡೇವಿಡ್ ಹೊಡೆದ ಗೋಲಿನಿಂದ ಕೆನಡಾ 3–2ರಲ್ಲಿ ಗೆದ್ದಿತು. ಎರಡು ದೇಶಗಳ ಅಭಿಮಾನ, ರೋಷ, ಅವಮಾನ ಎಲ್ಲವೂ ಆ ಪಂದ್ಯದಲ್ಲಿಯೂ ಇದ್ದವು. ಕಪ್ ಪಣಕ್ಕಿದ್ದಾಗ ಬೇಡವಾದ ಹೊಡೆದಾಟ, ಅದು ಪಣಕ್ಕಿಲ್ಲದಿದ್ದಾಗ ಮಾತ್ರ ಏಕೆ ಬೇಕಾಗುತ್ತದೆ? ವೃತ್ತಿಪರ ಐಸ್ ಹಾಕಿಯಲ್ಲಿ ಮುಷ್ಟಿಕಾಳಗಕ್ಕೆ ಸ್ಥಾನವಿದೆಯೇ ಎಂಬ ಹಳೆಯ ವಿವಾದದ ತಿರುಳು ಈ ಪ್ರಶ್ನೆಯಲ್ಲಿದೆ.

ಹಾಕಿ ಎಂದರೆ ಕೊಡಗಿನ ಮೈದಾನಗಳನ್ನೂ ಹಳದಿ, ಕೆಂಪು ಕಾರ್ಡುಗಳನ್ನೂ ನೆನೆಯುವ ಕನ್ನಡ ಓದುಗರಿಗೆ ಈ ವಿವಾದವೇ ವಿಚಿತ್ರವೆನಿಸಬಹುದು. ಎದುರಾಳಿಯ ಮುಖಕ್ಕೆ ಗುದ್ದಿದವನನ್ನು ಹೊರಗಟ್ಟುವುದು ಬಹುತೇಕ ಎಲ್ಲ ತಂಡ ಕ್ರೀಡೆಗಳ ಸಹಜ ನಿಯಮ. ಉತ್ತರ ಅಮೆರಿಕಾದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಇದಕ್ಕೆ ಹೊರತು. 1922ರಲ್ಲಿಯೇ ಅದು ಹೊಡೆದಾಟವನ್ನು ನಿಷೇಧಿಸುವ ಬದಲು ನಿಯಮಕ್ಕೊಳಪಡಿಸಿತು. ಹೊಡೆದಾಡಿದವರಿಗೆ ಐದು ನಿಮಿಷದ ಶಿಕ್ಷೆ. ಅದನ್ನು ಪೆನಾಲ್ಟಿ ಬಾಕ್ಸ್‌ನಲ್ಲಿ ಕುಳಿತು ಕಳೆದರೆ ಮತ್ತೆ ಆಟಕ್ಕೆ ಮರಳಬಹುದು. ಒಂದು ಶತಮಾನ ಕಳೆದರೂ ಆ ಏರ್ಪಾಡಿನ ಮೂಲಸ್ವರೂಪ ಬದಲಾಗಿಲ್ಲ.

ಆ ಶಿಕ್ಷೆಯ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಬ್ಬರು ಹೊಡೆದಾಡಿದರೆ ಇಬ್ಬರೂ ಹೊರಹೋಗುತ್ತಾರೆ, ಅವರ ಜಾಗಕ್ಕೆ ಬೇರೆ ಇಬ್ಬರು ಬರುತ್ತಾರೆ. ಹಿಮದ ಮೇಲೆ ಎರಡೂ ತಂಡಗಳ ಬಲ ಮೊದಲಿನಂತೆಯೇ ಉಳಿಯುತ್ತದೆ. ಅದೇ ಲೀಗಿನಲ್ಲಿ ರಕ್ಷಣಾ ವಲಯದಲ್ಲಿರುವ ಆಟಗಾರ ಪಕ್ ಅನ್ನು ನೇರವಾಗಿ ಗಾಜಿನ ಗೋಡೆಯಾಚೆಗೆ ಹೊಡೆದರೆ ಅವನಿಗೆ ಎರಡು ನಿಮಿಷದ ಶಿಕ್ಷೆ, ಮತ್ತು ಆ ಅವಧಿಯಲ್ಲಿ ಅವನ ತಂಡ ಒಬ್ಬ ಆಟಗಾರನ ಕೊರತೆಯಲ್ಲಿ ಆಡಬೇಕು. ಪಕ್ ದಾರಿ ತಪ್ಪಿದರೆ ತಂಡಕ್ಕೆ ನಷ್ಟ. ಮುಷ್ಟಿ ಗುರಿ ಮುಟ್ಟಿದರೆ ನಷ್ಟವೇನೂ ಇಲ್ಲ. ಇದನ್ನು ಶಿಕ್ಷೆ ಎನ್ನುವುದಕ್ಕಿಂತ ಪ್ರವೇಶಶುಲ್ಕ ಎನ್ನುವುದೇ ಸರಿ.

ಲೀಗ್ ಕಾಲಕಾಲಕ್ಕೆ ಅಂಚುಗಳನ್ನು ಕತ್ತರಿಸಿದೆ ಎಂಬುದನ್ನು ಮರೆಮಾಚಬೇಕಿಲ್ಲ. ಜಗಳಕ್ಕೆ ಮೂರನೆಯವನಾಗಿ ನುಗ್ಗಿದವನನ್ನು ಪಂದ್ಯದಿಂದ ಹೊರಗಟ್ಟಲಾಗುತ್ತದೆ. ಹೊಡೆದಾಟಕ್ಕಾಗಿ ಬೆಂಚಿನಿಂದ ಮೊದಲು ಎದ್ದುಬಂದವನಿಗೆ ಹತ್ತು ಪಂದ್ಯಗಳ ನಿಷೇಧವಿದೆ. ಕೆರಳಿಸಿ ಜಗಳ ತೆಗೆದವನಿಗೆ ಹೆಚ್ಚುವರಿ ದಂಡನೆ 1992ರಿಂದ ಜಾರಿಯಲ್ಲಿದೆ. ಕಾದಾಟಕ್ಕೆ ಮುನ್ನ ಹೆಲ್ಮೆಟ್ ತೆಗೆದರೆ ದಂಡ ವಿಧಿಸುವ ನಿಯಮ 2013ರಲ್ಲಿ ಬಂದಿತು. ಇವೆಲ್ಲವೂ ಹೊಡೆದಾಟವನ್ನು ಶಿಸ್ತಾಗಿ ನಡೆಸುವ ಕ್ರಮಗಳು, ನಿಲ್ಲಿಸುವ ಕ್ರಮಗಳಲ್ಲ. ಬಾಕ್ಸಿಂಗ್‌ನಲ್ಲಿ ಗುದ್ದುವುದೇ ಆಟ. ಆದರೂ ಅಲ್ಲಿ ದಪ್ಪ ಗ್ಲೌಸ್, ತೂಕದ ವರ್ಗ, ಕಣದ ಬದಿಯಲ್ಲಿ ವೈದ್ಯರು ಇರುತ್ತಾರೆ. ಗುದ್ದುವುದು ಆಟವೇ ಅಲ್ಲದ ಹಾಕಿಯಲ್ಲಿ ಬರಿಗೈ, ಉಕ್ಕಿನ ಅಲಗಿನ ಮೇಲೆ ನಿಂತ ಕಾಲು, ಕೆಳಗೆ ಕಲ್ಲಿನಂಥ ಹಿಮ. 2008ರ ಡಿಸೆಂಬರಿನಲ್ಲಿ ಒಂಟಾರಿಯೊದ ಹಿರಿಯರ ಲೀಗಿನ ಪಂದ್ಯವೊಂದರಲ್ಲಿ ಡಾನ್ ಸ್ಯಾಂಡರ್ಸನ್ ಎಂಬ 21 ವರ್ಷದ ಯುವಕ ಕಾದಾಟದ ನಡುವೆ ಹೆಲ್ಮೆಟ್ ಕಳಚಿ, ತಲೆ ಹಿಮಕ್ಕೆ ಬಡಿದು ಪ್ರಜ್ಞೆ ತಪ್ಪಿದ. ಮುಂದಿನ ತಿಂಗಳು, 2009ರ ಜನವರಿ 2ರಂದು, ಆತ ತೀರಿಕೊಂಡ.

ಹೊಡೆದಾಟದ ಪರವಾಗಿರುವವರ ವಾದ ಬುದ್ಧಿಗೇಡಿಗಳ ವಾದವಲ್ಲ. ಆಟವನ್ನು ಒಳಗಿನಿಂದ ಬಲ್ಲವರೇ ಅದನ್ನು ಮುಂದಿಡುತ್ತಾರೆ. ಐಸ್ ಹಾಕಿ ಅತಿವೇಗದ, ದೇಹಕ್ಕೆ ದೇಹ ಡಿಕ್ಕಿ ಹೊಡೆಯುವ ಆಟ. ರೆಫರಿಯ ಕಣ್ಣು ಎಲ್ಲವನ್ನೂ ಕಾಣಲಾರದು. ಕೋಲಿನಿಂದ ಕದ್ದು ಚುಚ್ಚುವವನಿಗೆ, ಹಿಂದಿನಿಂದ ಗುಮ್ಮುವವನಿಗೆ ಮುಷ್ಟಿಯ ಭಯವಿದ್ದರೆ ಆತ ಅಂಕೆಯಲ್ಲಿರುತ್ತಾನೆ. ಪ್ರತಿಭಾವಂತನ ಬೆನ್ನಿಗೆ ಒಬ್ಬ ಕಾವಲುಗಾರ ಬೇಕು. ಎಡ್ಮಂಟನ್ ತಂಡದಲ್ಲಿ ವೇಯ್ನ್ ಗ್ರೆಟ್ಜ್‌ಕಿಯ ಅಪ್ರತಿಮ ಆಟಕ್ಕೆ ಡೇವ್ ಸೆಮೆಂಕೊ ಎಂಬ ಬಲಶಾಲಿಯ ನೆರಳಿತ್ತು ಎಂಬುದನ್ನು ಅವರು ನೆನಪಿಸುತ್ತಾರೆ. ಎದುರೆದುರು ನಿಂತು ಒಪ್ಪಿಗೆಯಿಂದ ಹೊಡೆದಾಡಿದರೆ ಒಡಲ ಕಿಚ್ಚು ಆರುತ್ತದೆ, ಲೆಕ್ಕ ಚುಕ್ತಾ ಆಗುತ್ತದೆ, ದೊಡ್ಡ ಅನಾಹುತ ತಪ್ಪುತ್ತದೆ ಎಂಬುದು ಈ ವಾದದ ಸಾರ.

ಲೆಕ್ಕ ನಿಜವಾಗಿಯೂ ಚುಕ್ತಾ ಆಗುತ್ತದೆಯೇ? ಲೀಗಿನ ಇತಿಹಾಸದ ಎರಡು ಕರಾಳ ಪ್ರಕರಣಗಳು ಬೇರೆಯದನ್ನೇ ಹೇಳುತ್ತವೆ. 2000ದ ಫೆಬ್ರವರಿ 21ರಂದು ವ್ಯಾಂಕೂವರ್‌ನಲ್ಲಿ ಬಾಸ್ಟನ್ ತಂಡದ ಮಾರ್ಟಿ ಮೆಕ್‌ಸಾರ್ಲಿ ಮತ್ತು ಆತಿಥೇಯ ತಂಡದ ಡೊನಾಲ್ಡ್ ಬ್ರಶೇರ್ ಪಂದ್ಯದ ಆರಂಭದಲ್ಲಿಯೇ ಕಾದಾಡಿದರು. ಸಿದ್ಧಾಂತದ ಪ್ರಕಾರ ಕಿಚ್ಚು ಅಲ್ಲಿಗೆ ಆರಬೇಕಿತ್ತು. ಪಂದ್ಯ ಮುಗಿಯಲು ಮೂರು ಸೆಕೆಂಡುಗಳಷ್ಟೇ ಉಳಿದಿದ್ದಾಗ ಮೆಕ್‌ಸಾರ್ಲಿ ಹಿಂದಿನಿಂದ ಬಂದು ಬ್ರಶೇರ್ ತಲೆಗೆ ಕೋಲಿನಿಂದ ಹೊಡೆದ. ಆಯುಧದಿಂದ ಹಲ್ಲೆ ನಡೆಸಿದ ಅಪರಾಧಕ್ಕಾಗಿ ನ್ಯಾಯಾಲಯ ಅವನನ್ನು ದೋಷಿಯೆಂದಿತು. 2004ರ ಮಾರ್ಚ್ 8ರಂದು ಅದೇ ವ್ಯಾಂಕೂವರ್‌ನಲ್ಲಿ ಕೊಲರಾಡೊ ತಂಡದ ಸ್ಟೀವ್ ಮೂರ್ ಹಳೆಯ ಪಂದ್ಯವೊಂದರಲ್ಲಿ ಎದುರಾಳಿ ನಾಯಕನನ್ನು ಗಾಯಗೊಳಿಸಿದ್ದಕ್ಕೆ ಉತ್ತರ ಹೇಳಬೇಕಾಗಿ ಬಂದಿತು. ಮೊದಲ ಅವಧಿಯಲ್ಲಿಯೇ ಆತ ಮ್ಯಾಟ್ ಕುಕ್ ಜೊತೆ ಹೊಡೆದಾಡಿ, ಆಟಗಾರರ ಅಲಿಖಿತ ಸಂಹಿತೆಯ ಪ್ರಕಾರ ಸಾಲ ತೀರಿಸಿದ. ಸಾಲಗಾರರಿಗೆ ಅದು ಸಾಲಲಿಲ್ಲ. ಕೊನೆಯ ಅವಧಿಯಲ್ಲಿ ಟಾಡ್ ಬರ್ಟುಜಿ ಹಿಂದಿನಿಂದ ಗುದ್ದಿ ಅವನನ್ನು ಹಿಮಕ್ಕೆ ಕೆಡವಿದ. ಮೂರ್‌ನ ಕತ್ತಿನ ಮೂಳೆಗಳು ಮುರಿದವು. ಆತ ಮತ್ತೆಂದೂ ಲೀಗಿನಲ್ಲಿ ಆಡಲಿಲ್ಲ. ಸೇಡಿಗೆ ಬಡ್ಡಿಯಿರುತ್ತದೆ, ಅಸಲು ಕೊಟ್ಟ ಮಾತ್ರಕ್ಕೆ ಅದು ತೀರುವುದಿಲ್ಲ. ಕಾವಲುಗಾರನ ಸಿದ್ಧಾಂತ ಈ ಬಡ್ಡಿಯ ಲೆಕ್ಕವನ್ನೇ ಬಿಟ್ಟುಬಿಡುತ್ತದೆ.

ಎರಡನೆಯ ವಾದ ಒಪ್ಪಿಗೆಯದು. ವಯಸ್ಕರು ತಿಳಿದೇ ಹೊಡೆದಾಡುತ್ತಾರೆ, ಅದಕ್ಕೆ ಸಂಬಳ ಪಡೆಯುತ್ತಾರೆ, ನಡುವೆ ಬರಲು ಹೊರಗಿನವರು ಯಾರು ಎನ್ನುತ್ತಾರೆ. ಈ ಒಪ್ಪಿಗೆ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಡೆರೆಕ್ ಬೂಗಾರ್ಡ್ ಬದುಕು ಉತ್ತರ. ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಬೆಳೆದ, ವಯಸ್ಸಿಗೆ ಮೀರಿ ಎತ್ತರದ ಹುಡುಗ ಆತ. ಹದಿಹರೆಯದಲ್ಲಿ ಎದುರು ತಂಡದ ಬೆಂಚಿಗೇ ನುಗ್ಗಿ ಹೊಡೆದಾಡಿದ್ದನ್ನು ಕಂಡು ಕಿರಿಯರ ಲೀಗಿನ ತಂಡವೊಂದು ಅವನನ್ನು ಗುರುತಿಸಿತು. ಎನ್‌ಎಚ್‌ಎಲ್‌ನಲ್ಲಿ ಆಡಿದ 277 ಪಂದ್ಯಗಳಲ್ಲಿ ಅವನು ಹೊಡೆದ ಗೋಲುಗಳು ಮೂರೇ ಮೂರು. ಅವನಿಗೆ ಕೆಲಸ ಕೊಟ್ಟದ್ದು ಗೋಲುಗಳಿಗಾಗಿ ಅಲ್ಲ, ಮುಷ್ಟಿಗಾಗಿ. 2010ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡ ಅವನೊಂದಿಗೆ ನಾಲ್ಕು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಅದೇ ಡಿಸೆಂಬರಿನ ಕಾದಾಟವೇ ಅವನ ಕೊನೆಯ ಕಾದಾಟವಾಯಿತು. ನೋವುನಿವಾರಕ ಗುಳಿಗೆಗಳ ಚಟಕ್ಕೆ ಬಿದ್ದಿದ್ದ ಬೂಗಾರ್ಡ್ 2011ರ ಮೇ 13ರಂದು ಮದ್ಯ ಮತ್ತು ಆಕ್ಸಿಕೋಡೋನ್ ಬೆರೆತು ಸತ್ತಾಗ ಅವನಿಗೆ 28 ವರ್ಷ. ಬಾಸ್ಟನ್ ವಿಶ್ವವಿದ್ಯಾಲಯದ ತಜ್ಞರು ಅವನ ಮಿದುಳಿನಲ್ಲಿ ಸಿಟಿಇ ಎಂಬ, ತಲೆಗೆ ಮೇಲಿಂದ ಮೇಲೆ ಬೀಳುವ ಪೆಟ್ಟಿನಿಂದ ಬರುವ ಕ್ಷಯಕಾರಿ ರೋಗವನ್ನು ಕಂಡರು. ಅದೇ ವರ್ಷದ ಆಗಸ್ಟಿನಲ್ಲಿ ಇಂಥದೇ ಪಾತ್ರ ನಿರ್ವಹಿಸಿದ್ದ ರಿಕ್ ರಿಪಿಯನ್ ಮತ್ತು ವೇಡ್ ಬೆಲಾಕ್ ಕೂಡ ಅಕಾಲದಲ್ಲಿ ತೀರಿಕೊಂಡರು.

ಒಂದೆರಡು ಸಾವುಗಳಿಂದ ಸಿದ್ಧಾಂತ ಕಟ್ಟಬಾರದೆಂಬ ಎಚ್ಚರಿಕೆ ನ್ಯಾಯವಾದುದೇ. ಹಾಕಿಯಲ್ಲಿ ತಲೆಗೆ ಪೆಟ್ಟು ಬೀಳುವುದು ಮುಷ್ಟಿಯಿಂದ ಮಾತ್ರವಲ್ಲ, ಡಿಕ್ಕಿಗಳಿಂದಲೂ ಹೌದು. ಆದರೆ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಎನ್‌ಎಚ್‌ಎಲ್ ಆಟಗಾರರ ದಶಕಗಳ ದಾಖಲೆಗಳನ್ನು ಪರಿಶೀಲಿಸಿತು. ಹೊಡೆದಾಟವನ್ನೇ ವೃತ್ತಿಯಾಗಿಸಿಕೊಂಡವರಲ್ಲಿ ಸತ್ತವರ ಪ್ರಮಾಣ ಇತರರಿಗಿಂತ ಗಣನೀಯವಾಗಿ ಹೆಚ್ಚೇನೂ ಇರಲಿಲ್ಲ. ಆದರೆ ಅವರು ಸರಾಸರಿ ಹತ್ತು ವರ್ಷ ಮೊದಲೇ ಸತ್ತಿದ್ದರು, ಮತ್ತು ಮಾದಕ ದ್ರವ್ಯ, ಆತ್ಮಹತ್ಯೆಗಳಂಥ ಕಾರಣಗಳು ಅವರಲ್ಲಿ ಹೆಚ್ಚಿದ್ದವು. ಹತ್ತು ವರ್ಷವೆಂದರೆ ಮಕ್ಕಳು ಬೆಳೆದು ಮನೆ ನಿಲ್ಲುವ ಕಾಲ. ಹದಿನಾರರ ಹುಡುಗ ತಂಡದಲ್ಲಿ ಜಾಗ ಸಿಕ್ಕಿದ ಸಂತೋಷದಲ್ಲಿ ತಲೆಯಾಡಿಸುವಾಗ ಈ ಹತ್ತು ವರ್ಷಗಳ ವಿಚಾರವನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. ಹೇಳದೆ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು.

ಲೀಗಿನ ಆಡಳಿತ ಇದನ್ನು ಹೇಗೆ ಎದುರಿಸಿತು? ತಲೆಪೆಟ್ಟಿಗೂ ಸಿಟಿಇಗೂ ಕಾರ್ಯಕಾರಣ ಸಂಬಂಧ ಸಿದ್ಧವಾಗಿಲ್ಲ ಎಂಬ ನಿಲುವನ್ನು ಆಯುಕ್ತ ಗ್ಯಾರಿ ಬೆಟ್ಮನ್ 2016ರಲ್ಲಿ ಅಮೆರಿಕಾದ ಸೆನೆಟರ್ ರಿಚರ್ಡ್ ಬ್ಲೂಮೆಂಥಾಲ್ ಅವರಿಗೆ ಬರೆದ ಉತ್ತರದಲ್ಲಿ ಸಮರ್ಥಿಸಿಕೊಂಡರು. 2018ರಲ್ಲಿ ದಾವೆ ಹೂಡಿದ್ದ ನಿವೃತ್ತ ಆಟಗಾರರೊಂದಿಗೆ 1 ಕೋಟಿ 89 ಲಕ್ಷ ಡಾಲರುಗಳ ರಾಜಿಯಾಯಿತು. ಹೊಣೆಯನ್ನು ಮಾತ್ರ ಲೀಗ್ ಒಪ್ಪಿಕೊಳ್ಳಲಿಲ್ಲ. ವಿಜ್ಞಾನ ನೂರಕ್ಕೆ ನೂರು ಖಚಿತವಾಗುವ ತನಕ ಕಾಯೋಣ ಎನ್ನುವುದು ಕೇಳಲು ವಿವೇಕದಂತೆ ಇರುತ್ತದೆ. ಆದರೆ ಈ ರೋಗವನ್ನು ಸತ್ತ ಮೇಲೆ ಮಿದುಳನ್ನು ಸೀಳಿ ನೋಡಿಯೇ ಖಚಿತಪಡಿಸಬೇಕು. ಹಾಗಾಗಿ ಕಾಯುವುದೆಂದರೆ ಇನ್ನಷ್ಟು ಮಿದುಳುಗಳಿಗಾಗಿ ಕಾಯುವುದು ಎಂದೇ ಅರ್ಥ.

ಮೂರನೆಯ ವಾದವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ಎಲ್ಲರೂ ಬಲ್ಲರು. ಜನರಿಗೆ ಅದು ಬೇಕು, ಹೊಡೆದಾಟ ಆರಂಭವಾದೊಡನೆ ಕುಳಿತವರೆಲ್ಲ ಎದ್ದು ನಿಲ್ಲುತ್ತಾರೆ ಎಂಬ ವಾದವದು. ನಿಜ. ಆದರೆ ಅವರು ಗೋಲಿಗೂ ಎದ್ದು ನಿಲ್ಲುತ್ತಾರೆ. ಒಲಿಂಪಿಕ್ಸ್‌ನಲ್ಲಿ ಹೊಡೆದಾಡಿದವನನ್ನು ಹೊರಗಟ್ಟಲಾಗುತ್ತದೆ. ಅಮೆರಿಕಾದ ಕಾಲೇಜು ಹಾಕಿಯಲ್ಲಿ ಅವನು ಮುಂದಿನ ಪಂದ್ಯವನ್ನೂ ಕಳೆದುಕೊಳ್ಳುತ್ತಾನೆ. ಎರಡಕ್ಕೂ ಪ್ರೇಕ್ಷಕರ ಬರ ಬಂದಿಲ್ಲ. 2024ರ ಏಪ್ರಿಲ್ 20ರಂದು ಅದೇ ಬೆಲ್ ಸೆಂಟರ್‌ನಲ್ಲಿ ಹೊಸದಾಗಿ ಹುಟ್ಟಿದ ಮಹಿಳಾ ವೃತ್ತಿಪರ ಲೀಗಿನ ಪಂದ್ಯ ನೋಡಲು 21,105 ಮಂದಿ ಸೇರಿದ್ದರು. ಅವರು ಬಂದದ್ದು ಆಟ ನೋಡಲು. ಹೊಡೆದವನು, ಹೊಡೆಸಿದವನು, ಅದನ್ನು ಕಂಡು ಮೆಚ್ಚಿದವನು, ಮೂವರಿಗೂ ಆ ಪೆಟ್ಟಿನಲ್ಲಿ ಪಾಲಿದೆ ಎಂಬ ಮಾತನ್ನು ಚಪ್ಪಾಳೆ ತಟ್ಟುವ ಮುನ್ನ ಪ್ರೇಕ್ಷಕನೂ ಒಮ್ಮೆ ನೆನೆಯಬೇಕು.

ಇನ್ನು ಕೊನೆಯದಾಗಿ, ತಾನಾಗಿಯೇ ಸಾಯುತ್ತಿರುವುದನ್ನು ಕೊಲ್ಲುವುದೇಕೆ ಎನ್ನುವವರಿದ್ದಾರೆ. 2008–09ರ ಋತುವಿನ 1,230 ಪಂದ್ಯಗಳಲ್ಲಿ 700ಕ್ಕೂ ಹೆಚ್ಚು ಕಾದಾಟಗಳಾಗಿದ್ದವು. ಹತ್ತು ವರ್ಷಗಳ ನಂತರ ಆ ಸಂಖ್ಯೆ 250ಕ್ಕಿಂತ ಕೆಳಗಿಳಿಯಿತು. ವೇತನಕ್ಕೆ ಮಿತಿ ಬಂದ ಮೇಲೆ, ಆಟದ ವೇಗ ಏರಿದ ಮೇಲೆ, ಗುದ್ದುವುದಷ್ಟೇ ಬಲ್ಲವನಿಗೆ ಸಂಬಳ ಕೊಡುವುದು ತಂಡಗಳಿಗೆ ದುಬಾರಿಯಾಯಿತು. ಇದು ಲೆಕ್ಕಪತ್ರದ ಸಾಧನೆ, ವಿವೇಕದ ಸಾಧನೆಯಲ್ಲ. ಮಾರುಕಟ್ಟೆ ಕಳಿಸಿದ್ದನ್ನು ಮಾರುಕಟ್ಟೆಯೇ ಮರಳಿ ಕರೆಯಬಲ್ಲದು. ಮಾಂಟ್ರಿಯಲ್‌ನ ಒಂಬತ್ತು ಸೆಕೆಂಡುಗಳು ಅದಕ್ಕೆ ಸಾಕ್ಷಿ. ಕಾದಾಟಗಳು ಇಷ್ಟು ಕಡಿಮೆಯಾಗಿಯೂ ಆಟ ಹಾಳಾಗಿಲ್ಲ ಎಂಬುದೇ ನಿಷೇಧದ ಪರವಾದ ಬಲವಾದ ಸಾಕ್ಷ್ಯವೂ ಹೌದು.

ದಾರಿ ಕಾಣದ ಸಮಸ್ಯೆಯೇನೂ ಇದಲ್ಲ. ಕ್ವಿಬೆಕ್ ಮತ್ತು ಅಟ್ಲಾಂಟಿಕ್ ತೀರದ ಪ್ರಾಂತ್ಯಗಳ ಕಿರಿಯರ ಲೀಗ್ 2023–24ರ ಋತುವಿನಿಂದ ಹೊಡೆದಾಡಿದವರನ್ನು ಪಂದ್ಯದಿಂದ ಹೊರಗಟ್ಟುತ್ತಿದೆ. ಕೆನಡಾದ ಹಾಕಿ ಸಂಸ್ಕೃತಿಯ ತೊಟ್ಟಿಲಲ್ಲೇ ಇದು ಸಾಧ್ಯವಾಗಿದೆ. ಎನ್‌ಎಚ್‌ಎಲ್ ಮಾಡಬೇಕಾದ್ದೂ ಇಷ್ಟೇ: ಐದು ನಿಮಿಷದ ಜಾಗದಲ್ಲಿ ಪಂದ್ಯದಿಂದ ಉಚ್ಚಾಟನೆ, ಮರುಕಳಿಸಿದರೆ ಮುಂದಿನ ಪಂದ್ಯಗಳಿಂದಲೂ ಹೊರಗೆ. ಜೊತೆಗೆ ಕದ್ದು ಚುಚ್ಚುವ, ತಲೆಗೆ ಗುರಿಯಿಡುವ ಆಟಗಾರರಿಗೆ ಈಗಿಗಿಂತ ಕಠಿಣ ದಂಡನೆ ಇರಲೇಬೇಕು. ಕಾವಲುಗಾರನನ್ನು ತೆಗೆದಮೇಲೆ ಕಾವಲು ರೆಫರಿಯ ಕೆಲಸ. ಆ ಕೆಲಸವನ್ನು ಆತ ಸರಿಯಾಗಿ ಮಾಡದಿದ್ದರೆ ಮುಷ್ಟಿಯ ಪರ ವಾದಿಸುವವರ ದೂರಿನಲ್ಲಿ ಹುರುಳಿರುತ್ತದೆ.

ಬಾಸ್ಟನ್‌ನ ಆ ಅಂತಿಮ ಪಂದ್ಯದಲ್ಲಿ ಆಟಗಾರರು ಕೈಗವಸು ಕಳಚದಿದ್ದುದು ಯಾವುದೇ ನಿಷೇಧದಿಂದಲ್ಲ. ಹಿಮದ ಮೇಲಿಂದ ಕ್ಷಣ ದೂರವಾದರೂ ತಂಡಕ್ಕೆ ನಷ್ಟವೆಂಬುದು ಅವರಿಗೆ ತಿಳಿದಿತ್ತು. ಆಟ ನಿಜವಾಗಿಯೂ ಮುಖ್ಯವಾದಾಗ ಹೊಡೆದಾಟ ಬೇಡವೆಂದು ಆಟಗಾರರೇ ತೀರ್ಮಾನಿಸಿದ್ದಾರೆ. ಲೀಗಿನ ನಿಯಮಪುಸ್ತಕ ಆ ತೀರ್ಮಾನವನ್ನು ಉಳಿದ ರಾತ್ರಿಗಳಿಗೂ ವಿಸ್ತರಿಸಿದರೆ ಸಾಕು.