ಕಬ್ಬಿಣ ತುಂಬಿದ್ರೆ ಗಟ್ಟಿಯಾಗುತ್ತಾ?

ನ್ಯೂಜಿಲೆಂಡಿನ ಪೀಟರ್ ಲಿನ್ 1990ರ ಸುಮಾರಿಗೆ ಜನಪ್ರಿಯ ಮಾಡಿದ ಮೂರು ಗಾಲಿಯ ಬಗ್ಗಿ ಗೊತ್ತಲ್ಲ, ಗಾಳಿಪಟ ಎಳೆಯೋದು? ಅದನ್ನ ಜಿಗಿಸಬೇಕಂದ್ರೆ 'ಎಲ್ಲಾ ಕಡೆ ದಪ್ಪ ಪೈಪ್ ವೆಲ್ಡ್ ಮಾಡ್ಸಿ' ಅನ್ನೋ ಪಂಡಿತರಿಗೆ ಒಂದು ಮಾತು.

ಅಲ್ರೀ, ಲಕ್ಕುಂಡಿಯ ಎರಿ ಹೊಲದಲ್ಲಿ ಚಕ್ಕಡಿ ಹೊಡೆಯೋ ರೈತನನ್ನ ಕೇಳಿ. ಭಾರ ಹೆಚ್ಚಾದ್ರೆ ಅಚ್ಚು ನೋಡ್ತಾನೆ, ಮೂಕಿಯನ್ನಲ್ಲ! ಬಗ್ಗಿಗೂ ಅಷ್ಟೇ. ಗಾಲಿ ಕೂರುವ 12 ಮಿ.ಮೀ. ಸಲಾಕೆ ತೆಗೆದು ಅದೇ ಉಕ್ಕಿನ 20 ಮಿ.ಮೀ. ಹಾಕಿ, ಬಾಗದಂತೆ ತಡೆಯೋ ಶಕ್ತಿ ನಾಲ್ಕೂವರೆ ಪಟ್ಟು ದಾಟುತ್ತೆ. ಟೈರು ಅಗಲ ಇರಲಿ, ಗಾಳಿ ಕಡಿಮೆ ಇರಲಿ.

ಉಳಿದ ಕಬ್ಬಿಣ ಬರೀ ಭಾರ. ಭಾರ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಚಾಸಿ ಒಂಚೂರೂ ಬಳುಕದಿದ್ರೆ ಆ ಪೆಟ್ಟು ಹೋಗೋದೆಲ್ಲಿಗೆ? ಕೂತವನ ಬೆನ್ನುಮೂಳೆಗೆ!

ಬಗ್ಗಿ ಮುರಿದ್ರೆ ಬೆಟಗೇರಿಯಲ್ಲಿ ವೆಲ್ಡ್ ಮಾಡಿಸಬಹುದು. ಬೆನ್ನು ಮುರಿದ್ರೆ..?