ಚಿತ್ರದಲ್ಲಿಲ್ಲದ ಪಕ್ಕದ ಮನೆ

ಮನೆ ಕಟ್ಟಿಸಲು ಹೊರಟ ಗೆಳೆಯರೊಬ್ಬರು ಮೊಬೈಲಿನಲ್ಲಿ ಏಳೆಂಟು ‘ಎಲಿವೇಷನ್’, ಅಂದರೆ ಮನೆಯ ಮುಂಭಾಗದ ಚಿತ್ರಗಳನ್ನು ತೋರಿಸಿ, ‘ಯಾವುದು ಚೆನ್ನಾಗಿದೆ ಹೇಳಿ’ ಎಂದರು. ಎಲ್ಲವೂ ಚೆನ್ನಾಗಿಯೇ ಇದ್ದವು. ಆದರೆ ಒಂದರಲ್ಲೂ ಪಕ್ಕದ ಮನೆ ಇರಲಿಲ್ಲ. ಮೂವತ್ತು–ನಲವತ್ತರ ಸೈಟಿನ ಎರಡೂ ಬದಿಗೆ ಹುಲ್ಲುಹಾಸು, ಹಿಂದೆ ನೀಲಿ ಆಕಾಶ. ನಿಜವಾದ ಸೈಟಿನ ಎಡಕ್ಕಿರುವುದು ನಾಲ್ಕಂತಸ್ತಿನ ಪಿ.ಜಿ., ಬಲಕ್ಕೆ ಹಳೆಯ ಹೆಂಚಿನ ಮನೆ.

ಅಕ್ಕಪಕ್ಕದ ಮನೆಗಳು ಒಂದಕ್ಕೊಂದು ಹೊಂದಿಕೊಂಡಿದ್ದ ಬೀದಿಗಳೂ ಇದ್ದವು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳು 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟು ಬಿಟ್ಟು ಬಂದವರಿಂದ ತುಂಬಿಕೊಂಡವು. ಅಲ್ಲಿ ಉಳಿದಿರುವ ಹಳೆಯ ಮನೆಗಳನ್ನು ನೋಡಿ, ಒಂದರಂತೆ ಇನ್ನೊಂದಿಲ್ಲ. ಒಂದಕ್ಕೆ ‘ಮಂಕಿ ಟಾಪ್’, ಅಂದರೆ ಕಿಟಕಿಯ ಮೇಲೆ ಮುಂದಕ್ಕೆ ಚಾಚಿದ, ಮರದ ಪಟ್ಟಿ ಹೊಡೆದ ಚೂಪು ಮಾಡು. ಇನ್ನೊಂದಕ್ಕೆ ದುಂಡುಕಂಬದ ವರಾಂಡ. ಆದರೂ ಒಂದೇ ಮನೆತನದವು ಅನ್ನಿಸುತ್ತವೆ. ಇದು ಯಾರದೋ ಕಲಾದೃಷ್ಟಿಯ ಫಲ ಎಂದು ನಾನು ನಂಬುವುದಿಲ್ಲ. ಕಟ್ಟುವ ಸಾಮಾನು ಮಾಡಿದ ಕೆಲಸ. ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆ ಹಾಕಿ ಶುರುಮಾಡಿದ ಮಂಗಳೂರು ಹೆಂಚು ಹೊದಿಸಿದರೆ ಮಾಡು ಇಳಿಜಾರಾಗಲೇಬೇಕು. ಗೋಡೆ ನೆನೆಯಬಾರದೆಂದರೆ ಸೂರು ಚಾಚಲೇಬೇಕು. ಸಿಕ್ಕ ತೊಲೆಯ ಉದ್ದಕ್ಕೆ ತಕ್ಕಂತೆ ಕೋಣೆಯ ಅಗಲ. ಮೇಸ್ತ್ರಿ ಬೇರೆಯಾದರೂ ಅಳತೆ ಹೆಚ್ಚು ಬೇರೆಯಾಗುತ್ತಿರಲಿಲ್ಲ. ಕಾಂಪೌಂಡು ಎದೆಮಟ್ಟ; ಒಳಗಿನ ದಾಸವಾಳದಲ್ಲಿ ಬೀದಿಗೂ ಪಾಲು, ಬೆಳಗಿನ ಹೂಗಳ್ಳರಿಗಂತೂ ಇನ್ನೂ ಹೆಚ್ಚು!

ಕಾಂಕ್ರೀಟು, ಗಾಜು ಬಂದಮೇಲೆ ಹೇಗೆ ಬೇಕಾದರೂ ಕಟ್ಟಬಹುದು. ಕಟ್ಟಿದ್ದೇವೆ. ಗೇಟಿನ ರ‍್ಯಾಂಪು ರಸ್ತೆಗೇ ಇಳಿದು, ಮನೆಗೊಂದು ದಿಣ್ಣೆ ಹತ್ತಿಳಿದು ನಡೆಯಬೇಕಾಗಿದೆ.

ಹಾಗಂತ ಎಲ್ಲಕ್ಕೂ ಒಂದೇ ಅಚ್ಚು ಒತ್ತಿದರೆ ಸಾಮರಸ್ಯ ಬಂದೀತೆ? ವಿಲ್ಲಾಗಳ ಬಡಾವಣೆಯೊಂದರಲ್ಲಿ ನಾನು ಎರಡು ಸಲ ಬೇರೆಯವರ ಮನೆಯ ಬೆಲ್ಲು ಒತ್ತಿದ್ದೇನೆ. ಚಂಡೀಗಢದಲ್ಲಿ ಸಣ್ಣ ಸೈಟುಗಳ ಮನೆಗಳಿಗೆ ಎತ್ತರ ಮತ್ತು ಮುಂಭಾಗದ ಚೌಕಟ್ಟನ್ನಷ್ಟೇ ನಿಗದಿಮಾಡಿ, ಚೌಕಟ್ಟಿನೊಳಗಿನದನ್ನು ಮಾಲೀಕರ ಇಷ್ಟಕ್ಕೆ ಬಿಟ್ಟರು. ಅಷ್ಟು ಸಾಕಿತ್ತು ನಮಗೂ.

‘ಅಕ್ಕಪಕ್ಕದ ಮನೆಗಳನ್ನೂ ಸೇರಿಸಿ ಚಿತ್ರ ಮಾಡಿಸಿ ನೋಡಿ’ ಎಂದೆ. ಗೆಳೆಯರು ನಕ್ಕರು: ‘ಹೆಂಚಿನ ಮನೆ ಇನ್ನೆಷ್ಟು ದಿನ ಇರುತ್ತೆ ಸಾರ್?’ ಸೈಟಿನ ಮುಂದಿನ ಹೊಂಗೆಮರವೂ ಚಿತ್ರದಲ್ಲಿರಲಿಲ್ಲ. ಕೇಳಿದೆ.

‘ಅದು ಗೇಟಿಗೆ ಅಡ್ಡ ಬರುತ್ತೆ’ ಎಂದರು.