ಮಗುವಿನ ಕೈಗೊಂದು ತೂತು ಕಾಸು

ಹುಟ್ಟುಹಬ್ಬದ ಮನೆಯಲ್ಲಿ ಉಡುಗೊರೆಯ ಪೊಟ್ಟಣ ಬಿಚ್ಚುವ ಹೊತ್ತು. ರಿಮೋಟ್ ಕಾರು, ಬಣ್ಣದ ಪೆನ್ಸಿಲ್ ಡಬ್ಬಿ, ಅದೇ ಕಂಪನಿಯ ಮತ್ತೊಂದು ಬಣ್ಣದ ಪೆನ್ಸಿಲ್ ಡಬ್ಬಿ. ಕೊನೆಗೆ ಪುಟ್ಟ ಲಕೋಟೆಯೊಂದರಿಂದ ಕಂದು ಬಣ್ಣದ ಬಿಲ್ಲೆ ಅಂಗೈಗೆ ಉರುಳುತ್ತದೆ. ನಟ್ಟನಡುವೆ ತೂತು. ಎಂಟು ವರ್ಷದ ಹುಡುಗಿ ಅದನ್ನು ಕಣ್ಣಿಗೆ ಹಿಡಿದು ತೂತಿನಿಂದ ಫ್ಯಾನು ನೋಡುತ್ತಾಳೆ, ಕಿರುಬೆರಳಿಗೆ ಉಂಗುರವಾದೀತೇ ಎಂದು ತೂರಿಸುತ್ತಾಳೆ, ಆಮೇಲೆ ಕೇಳುತ್ತಾಳೆ: “ತಾತ, ಇದರ ಮಧ್ಯದ್ದು ಎಲ್ಲಿಗೆ ಹೋಯ್ತು?”

ಯುದ್ಧಕ್ಕೆ ಹೋಯಿತು ಎಂಬುದೇ ಸರಿಯುತ್ತರ. ಎರಡನೇ ಮಹಾಯುದ್ಧದಲ್ಲಿ ತಾಮ್ರಕ್ಕೆ ಬರ ಬಂದಾಗ ಬ್ರಿಟಿಷ್ ಸರ್ಕಾರ ಕಂಚಿನ ಒಂದು ಪೈಸೆಯ ಹೊಟ್ಟೆ ಕೊರೆದು ಲೋಹ ಉಳಿಸಿತು. 1943ರಿಂದ 1947ರವರೆಗೆ ಅಚ್ಚಾದ ಈ ನಾಣ್ಯದ ಒಂದು ಮಗ್ಗುಲಲ್ಲಿ ಕಿರೀಟವೂ ಇಸವಿಯೂ ಇವೆ, ಇನ್ನೊಂದರಲ್ಲಿ ಬಳ್ಳಿಯ ಸುತ್ತು. ದೊರೆಯ ಮುಖ ಇಲ್ಲ; ಮುಖ ಇರಬೇಕಾದ ಜಾಗದಲ್ಲೇ ತೂತಿದೆ. ಜನ ಇದನ್ನು ತೂತು ಕಾಸು ಎಂದರು, ಮಕ್ಕಳ ಉಡಿದಾರಕ್ಕೆ ಪೋಣಿಸಿದರು, ಬೋಲ್ಟಿಗೆ ವಾಷರ್ ಮಾಡಿಕೊಂಡರು. ಇವತ್ತೂ ಹಳೆ ನಾಣ್ಯದ ವ್ಯಾಪಾರಿಗಳ ಬಳಿ ಸವೆದ ತೂತು ಕಾಸು ದರ್ಶಿನಿಯ ಒಂದು ದೋಸೆ, ಒಂದು ಕಾಫಿಯ ಬೆಲೆಯೊಳಗೇ ಸಿಗುತ್ತದೆ.

ಬೆಲೆ ಕಡಿಮೆ ಎಂಬುದೇ ಇದರ ದೊಡ್ಡ ಗುಣ. ನಾಮಕರಣಕ್ಕೆ ಕೊಟ್ಟ ಲಕ್ಷ್ಮಿಯ ಬೆಳ್ಳಿ ನಾಣ್ಯ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಚಿನ್ನದಂಗಡಿಯ ಕೆಂಪು ಡಬ್ಬಿಯಿಂದ ನೇರವಾಗಿ ಬೀರುವಿಗೆ ಹೋಗುತ್ತದೆ, ಬೀರುವಿನಿಂದ ಬ್ಯಾಂಕಿನ ಲಾಕರಿಗೆ. ಮಗುವಿನ ಹೆಸರಿನಲ್ಲಿ ಬಂದದ್ದನ್ನು ಮಗು ಮುಟ್ಟುವುದೇ ಇಲ್ಲ. ತೂತು ಕಾಸನ್ನಾದರೆ ಕಂಪಾಸು ಪೆಟ್ಟಿಗೆಯಲ್ಲಿ ಹಾಕಿಕೊಂಡು ಶಾಲೆಗೆ ಒಯ್ಯಬಹುದು, ಕಾಗದದಡಿ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬಹುದು, ಗೆಳತಿಯ ಗೋಲಿಗೆ ಬದಲಾಯಿಸಿಕೊಳ್ಳಬಹುದು, ಕಳೆದೂ ಹಾಕಬಹುದು. ಕಳೆದರೆ ಮನೆಯಲ್ಲಿ ಬೈಗುಳವಿಲ್ಲ. ಬಾಯಿಗೆ ಹಾಕುವ ವಯಸ್ಸಿನ ಕೂಸಿಗೆ ಮಾತ್ರ ಕೊಡಬಾರದು, ಅಷ್ಟೇ.

ಈಗಿನ ಮಕ್ಕಳಿಗೆ ಹಣ ಎಂದರೆ ಅಂಗಡಿ ಕಟ್ಟೆಯ ಮೇಲಿನ ಡಬ್ಬಿ ಕೂಗಿ ಹೇಳುವ ಸಂಖ್ಯೆ. ಅಪ್ಪ ಫೋನು ತೋರಿಸುತ್ತಾನೆ, ಡಬ್ಬಿ ಮಾತಾಡುತ್ತದೆ, ಚಾಕೊಲೇಟು ಬರುತ್ತದೆ. ಯುಪಿಐ ಶುರುವಾದದ್ದು 2016ರಲ್ಲಿ. ಆಮೇಲೆ ಹುಟ್ಟಿದವರು ಚಿಲ್ಲರೆ ಎಣಿಸಿದ್ದೇ ಕಡಿಮೆ. ಆದರೆ ಅವರ ಕಿವಿಗೆ ಬೀಳುವ ಕನ್ನಡವೋ, ಸತ್ತ ನಾಣ್ಯಗಳ ಗಂಟು. ‘ಹಣ’ ಒಂದು ಕಾಲಕ್ಕೆ ಸಾಕ್ಷಾತ್ ನಾಣ್ಯದ ಹೆಸರು. ಉಗುರಿನಗಲದ ಚಿನ್ನದ ತುಣುಕು ಅದು. ಹತ್ತು ಹಣಕ್ಕೆ ಒಂದು ವರಹ ಎಂಬುದು ಮೈಸೂರು ಸೀಮೆಯ ಲೆಕ್ಕ. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಅಚ್ಚು ಹಾಕಿಸಿದ ಕಂಠೀರಾಯ ಹಣದ ಹೆಸರು ಅವರ ಕಾಲದ ನಂತರವೂ ಚಲಾವಣೆಯಲ್ಲಿತ್ತು. ‘ದುಡ್ಡು’ ತಾಮ್ರದ ನಾಣ್ಯ, ‘ಕಾಸು’ ಅದಕ್ಕಿಂತ ಚಿಕ್ಕದು. ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂದು ಬೈಯುವವರು, ಬಿಡಿಗಾಸೂ ಬಿಚ್ಚುವುದಿಲ್ಲ ಎಂದು ಆಡಿಕೊಳ್ಳುವವರು, ಹದಿನಾರಾಣೆ ನಿಜ ಎಂದು ಆಣೆಯಿಡುವವರು, ಎಲ್ಲರ ಬಾಯಲ್ಲೂ ಹಳೆಯ ಟಂಕಸಾಲೆಯ ಸದ್ದಿದೆ. ಹದಿನಾರೇ ಏಕೆ, ಹದಿನೈದು ಏಕಲ್ಲ ಎಂದು ಮಗು ಕೇಳಿದರೆ ಉತ್ತರಕ್ಕೆ ಒಂದಾಣೆ ಬೇಕು.

ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಪೈ. ಅಂದರೆ ರೂಪಾಯಿಗೆ 192 ಪೈ. ಈ ಮಗ್ಗಿ 1957ರ ಏಪ್ರಿಲ್ 1ರಂದು ಮುಗಿಯಿತು, ರೂಪಾಯಿಗೆ ನೂರು ಪೈಸೆಯಾಯಿತು. ಹಳೆಯ ಪೈಸೆಯೊಂದಿಗೆ ಗೊಂದಲವಾಗದಿರಲಿ ಎಂದು ಹೊಸದಕ್ಕೆ ‘ನಯಾ ಪೈಸೆ’ ಎಂದು ಹೆಸರಿಟ್ಟರು. ಆ ವರ್ಷದ ಒಂದು ನಯಾ ಪೈಸೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಹೆಬ್ಬೆರಳ ತುದಿಯಷ್ಟು ಅಗಲದ ಕಂಚು, ಅದರ ಮೇಲೆ ಹಿಂದಿಯಲ್ಲಿ ‘ರೂಪಾಯಿಯ ನೂರನೇ ಭಾಗ’ ಎಂಬ ಬರಹ. ತಾನು ಯಾರೆಂದು ನಾಣ್ಯವೇ ಜನರಿಗೆ ಪಾಠ ಹೇಳಬೇಕಾಗಿ ಬಂದ ಕಾಲ ಅದು. ಒಂದಾಣೆ ಹೊಸ ಲೆಕ್ಕದಲ್ಲಿ ಆರೂಕಾಲು ಪೈಸೆ; ಆ ಕಾಲು ಪೈಸೆ ಗಿರಾಕಿಯದೋ ಅಂಗಡಿಯವನದೋ ಎಂಬುದು ಜಗಳಕ್ಕೆ ಸಾಲದ ವಿಷಯವಲ್ಲ. 1964ರಲ್ಲಿ ‘ನಯಾ’ ಉದುರಿತು. ನಾಲ್ಕಾಣೆ, ಎಂಟಾಣೆ ಮಾತ್ರ ಇಪ್ಪತ್ತೈದು, ಐವತ್ತು ಪೈಸೆಯ ಮೈಮೇಲೆ ಬಂದು ಕೂತವು, ಇಳಿಯಲೇ ಇಲ್ಲ.

ತಾತ 1957ರಲ್ಲಿ ಹುಟ್ಟಿದವರಾದರೆ ಮೊಮ್ಮಗಳಿಗೆ ಆ ಇಸವಿಯ ನಯಾ ಪೈಸೆಗಿಂತ ಒಳ್ಳೆಯ ಕಾಣಿಕೆ ಬೇಕೇ? ಮನೆಯವರ ಹುಟ್ಟಿದ ಇಸವಿ ನೋಡಿ ನಾಣ್ಯ ಆರಿಸುವುದು ಅಗ್ಗದ ಉಪಾಯವೂ ಹೌದು, ಜಾಣ ಉಪಾಯವೂ ಹೌದು.

ಇನ್ನೂ ಅಗ್ಗಕ್ಕೆ ಬೇಕಾದರೆ ಅಲ್ಯೂಮಿನಿಯಂ ಪೈಸೆಗಳಿವೆ. ಐದು ಪೈಸೆ ಚೌಕ, ಮೂರು ಪೈಸೆಗೆ ಆರು ಮೂಲೆ, ಹತ್ತು ಪೈಸೆಗೆ ಹೂವಿನ ದಳದಂಥ ಅಂಚು. ಅಕ್ಷರ ಬಾರದವರೂ ಕತ್ತಲಲ್ಲಿ ಬೆರಳಿನಿಂದಲೇ ಗುರುತಿಸಬಹುದಾದ ಆಕಾರಗಳು. ಒಂದು ಪೈಸೆಯ ತೂಕ ಮುಕ್ಕಾಲು ಗ್ರಾಂ. ಊದಿದರೆ ಹಾರೀತು ಎನ್ನುವಷ್ಟು ಹಗುರ. 1988ರಲ್ಲಿ ಬಂದ ಸ್ಟೀಲಿನ ನಾಲ್ಕಾಣೆಯ ಮೇಲೆ ಘೇಂಡಾಮೃಗ ನಿಂತಿದೆ. ಇವೆಲ್ಲವೂ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದವು. ಎಂಟಾಣೆ ಮಾತ್ರ ಕಾನೂನಿನ ಲೆಕ್ಕದಲ್ಲಿ ಬದುಕಿದೆ. ಬಸ್ಸಿನ ಕಂಡಕ್ಟರಿಗೆ ಕೊಟ್ಟು ನೋಡುವ ಧೈರ್ಯ ಬೇಕಷ್ಟೇ. ಮಗುವಿಗೊಂದು ಭೂತಗನ್ನಡಿಯನ್ನೂ ಕೊಟ್ಟರೆ ಆಟ ಮುಂದುವರಿಯುತ್ತದೆ. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಅದು ಹೈದರಾಬಾದಿನದು, ವಜ್ರದಾಕಾರವಿದ್ದರೆ ಮುಂಬೈ, ದುಂಡನೆಯ ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇವತ್ತಿನ ಐದು ರೂಪಾಯಿಯ ಮೇಲೂ ಈ ಗುರುತುಗಳಿವೆ. ಒಂದು ಸಲ ತಿಳಿದ ಮಗು ಮನೆಯವರ ಜೇಬು, ಪರ್ಸು ಒಂದನ್ನೂ ಬಿಡುವುದಿಲ್ಲ.

ಇಷ್ಟು ಸಸಾರದ ಸಂಗತಿಯಲ್ಲೂ ಮೋಸಗಾರರು ನುಗ್ಗಿದ್ದಾರೆ. ರಾಮ ಪಟ್ಟಾಭಿಷೇಕದ ಚಿತ್ರ, ಹಿಂದೆ ‘ಈಸ್ಟ್ ಇಂಡಿಯಾ ಕಂಪನಿ, 1818’ ಎಂಬ ಬರಹ ಇರುವ ನಾಣ್ಯವನ್ನು ಜಾತ್ರೆ ಬೀದಿಯಲ್ಲಿ ಯಾರಾದರೂ ಪಿಸುಮಾತಿನಲ್ಲಿ ತೋರಿಸಿದರೆ ನಕ್ಕು ಮುಂದೆ ಹೋಗಬೇಕು. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಇದು ಈಚಿನವರ ಕೈಚಳಕ. ಅಕ್ಕಿ ಕಾಳು ಸೆಳೆಯುವ ಶಕ್ತಿಯಿದೆ ಎಂದು ನಂಬಿಸುವ ‘ರೈಸ್ ಪುಲ್ಲಿಂಗ್’ ಕಥೆಗೂ ಇಂಥ ನಾಣ್ಯ, ಚೊಂಬುಗಳೇ ಬಂಡವಾಳ. ಲಕ್ಷಗಟ್ಟಲೆ ಕಳೆದುಕೊಂಡವರು ಕರ್ನಾಟಕದಲ್ಲೂ ಇದ್ದಾರೆ. ಇನ್ನೊಂದು ಬಗೆಯದು ಫೋನಿಗೇ ಬರುತ್ತದೆ: ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ಇದ್ದರೆ ಹತ್ತು ಲಕ್ಷ, ಮೊದಲು ನೋಂದಣಿ ಶುಲ್ಕ ಕಟ್ಟಿ. ತನ್ನ ಹೆಸರು ಹೇಳಿಕೊಂಡು ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ, ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿತ್ತು. ಮಗುವಿಗೆ ನಾಣ್ಯ ಕೊಡುವಾಗ ‘ಜೋಪಾನ, ಮುಂದೆ ಲಕ್ಷ ಬರುತ್ತೆ’ ಎನ್ನುವ ಮಾವಂದಿರೂ ಇದೇ ರೋಗವನ್ನು ಸಣ್ಣ ಪ್ರಮಾಣದಲ್ಲಿ ಅಂಟಿಸುತ್ತಿರುತ್ತಾರೆ. ಬರುವುದಿಲ್ಲ. ಕೋಟಿಗಟ್ಟಲೆ ಅಚ್ಚಾದ ಪೈಸೆಗೆ ಲಕ್ಷ ಕೊಡುವವರು ಯಾರು?

ಕನ್ನಡ ಓದಲು ಬರುವ ಮಗುವಿಗೆ ಸ್ವಲ್ಪ ಹೆಚ್ಚು ಖರ್ಚು ಮಾಡಬಹುದಾದರೆ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಷ್ಟು ಸೊಗಸಾದದ್ದು ಇನ್ನೊಂದಿಲ್ಲ. ಕೆಲವದರಲ್ಲಿ ಆನೆ, ಕೆಲವದರಲ್ಲಿ ಸಿಂಹ, ‘ಶ್ರೀ ಚಾಮುಂಡಿ’ ಎಂಬ ಹೆಸರು, ಜೊತೆಗೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲೇ ಬರಹ. ಸವೆದ ಅಕ್ಷರಗಳನ್ನು ಬೆರಳಿಟ್ಟು ಕೂಡಿಸಿ ಓದುವುದು ಎರಡನೇ ತರಗತಿಯವರಿಗೂ ಸಾಧ್ಯ. ಆದರೆ ಇಲ್ಲೊಂದು ಕಾನೂನಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪ್ರಾಚೀನ ವಸ್ತು. ಅದನ್ನು ಖಾಸಗಿಯವರು ದೇಶದಾಚೆಗೆ ಒಯ್ಯುವಂತಿಲ್ಲ. ಬೇಸಿಗೆ ರಜೆಗೆ ಅಮೆರಿಕದಿಂದ ಬಂದ ಮೊಮ್ಮಗನ ಚೀಲಕ್ಕೆ ಮಯಿಲಿ ಕಾಸು ಹಾಕಿ ಕಳಿಸುವ ಅಜ್ಜಿಯರು ಇದನ್ನು ತಿಳಿದಿರಲಿ. 1943ರ ತೂತು ಕಾಸಿಗೆ ಈ ತೊಡಕು 2043ರವರೆಗೆ ಇಲ್ಲ.

ಅತ್ತ ಇಂಗ್ಲೆಂಡಿನಲ್ಲಿ ನಮ್ಮ ಕಡೆಗೆ ಬರಬೇಕಿದ್ದ ಕಾಸೇ ಅಗ್ಗದ ಉಡುಗೊರೆಯಾಗಿದೆ. ಮದ್ರಾಸ್ ಪ್ರಾಂತ್ಯಕ್ಕೆಂದು ಅಚ್ಚು ಹಾಕಿದ ತಾಮ್ರದ ಹತ್ತು, ಇಪ್ಪತ್ತು ಕಾಸುಗಳನ್ನು ಹೊತ್ತು ಹೊರಟ ‘ಅಡ್ಮಿರಲ್ ಗಾರ್ಡ್ನರ್’ ಹಡಗು 1809ರ ಜನವರಿಯಲ್ಲಿ ಅಲ್ಲಿನ ಕರಾವಳಿಯ ಗುಡ್ವಿನ್ ಮರಳುದಿಬ್ಬದಲ್ಲೇ ಮುಳುಗಿತು. 1980ರ ದಶಕದಲ್ಲಿ ಮೇಲೆತ್ತಿದ ಆ ನಾಣ್ಯಗಳು ಇಂದಿಗೂ ಅಲ್ಲಿ ಮಾರಾಟಕ್ಕಿವೆ. ಬಳ್ಳಾರಿ, ಮಂಗಳೂರು ಆಗ ಮದ್ರಾಸಿನ ಆಡಳಿತದಲ್ಲಿದ್ದವು. ಹಡಗು ಮುಳುಗದಿದ್ದರೆ ಅಲ್ಲಿನ ಸಂತೆಗಳಲ್ಲೂ ಅವು ಕೈ ಬದಲಿಸುತ್ತಿದ್ದವೇನೋ.

ಕೊಡುವ ಮುನ್ನ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ದೇವರ ಮನೆಯ ತಾಮ್ರದ ಚೊಂಬಿಗೆ ಸಲ್ಲುವ ಉಪಚಾರ ಹಳೆ ನಾಣ್ಯಕ್ಕೆ ಸಲ್ಲದು. ಎಂಬತ್ತು ವರ್ಷ ಕೈಯಿಂದ ಕೈಗೆ ಸಾಗಿ ಬಂದ ಕಂದು ಬಣ್ಣ ಎರಡು ನಿಮಿಷದಲ್ಲಿ ತೊಳೆದುಹೋಗುತ್ತದೆ. ಲಕೋಟೆಯೊಳಗೆ ಎರಡು ಸಾಲಿನ ಚೀಟಿ ಇಡಿ, ಯಾವ ಕಾಲದ್ದು, ಯಾರು ಕೊಟ್ಟದ್ದು ಎಂದು. ಅಂಗಡಿಗೆ ಹೋಗುವ ಮೊದಲು ಅಜ್ಜಿಯ ಟ್ರಂಕು, ಅಡುಗೆ ಮನೆಯ ಸಾಸಿವೆ ಡಬ್ಬಿ, ಹೊಲಿಗೆ ಯಂತ್ರದ ಡ್ರಾ ಒಮ್ಮೆ ತಡಕಿ ನೋಡಿ. ಅಲ್ಲಿ ಸಿಕ್ಕಿದ್ದಕ್ಕೆ ಯಾವ ವ್ಯಾಪಾರಿಗೂ ದುಡ್ಡು ಕೊಡಬೇಕಿಲ್ಲ.